ಕಣಿವೆಯ ಹೊಸ ಕಾವಲುಗಾರ

ನಮ್ಮ ಅತ್ತೆ ಉಲ್ಜಾನ್‌ಳ ಕೆಂದು ಕುದುರೆಯನ್ನು ಅಲಾಯ್ ಕಣಿವೆಯಲ್ಲಿ ಹಾಡಹಗಲೇ ದರೋಡೆಕೋರ ತೊಕ್ತೊಸುನ್ ಕಿತ್ತುಕೊಂಡ. ಅವಳು ಮೂರು ದಿನ ನಡೆದು ಆಗ ನಮ್ಮ ನಾಡನ್ನಾಳುತ್ತಿದ್ದ ರಷ್ಯನ್ನರ ಠಾಣೆ ಮುಟ್ಟಿದಳು. ಅಲ್ಲಿ ಸರ್ಕಾರಿ ಕೋಟು ತೊಟ್ಟು ಕೂತಿದ್ದವನು ಅದೇ ತೊಕ್ತೊಸುನ್!

"ನೀನಿಲ್ಲಿ ಏನ್ ಮಾಡ್ತಿದ್ದೀಯೋ, ಕಳ್ಳ?"

"ನನ್ನ ಹಿಡಿಯೋಕಾಗ್ದೆ ಸಾಹೇಬ್ರು ನಿನ್ನೆ ಕೆಲಸಾನೇ ಕೊಟ್ಬಿಟ್ರು, ಅಕ್ಕಾ. ಕಣಿವೆ ಕಾವಲು ಈಗ ನಂದೇ. ಏನು ದೂರು, ಹೇಳು."

"ನನ್ ಕುದುರೆ ಕದ್ದಿದ್ದಾರೆ."

"ಯಾರು?"

"ನೀನೇ!"

ಅವನು ಗಡ್ಡ ಕೆರೆದುಕೊಂಡ. "ಆಗಿನ್ನೂ ನಾನು ಸರ್ಕಾರ ಆಗಿರ್ಲಿಲ್ವಲ್ಲ."

ಆಮೇಲೆ ಹಿತ್ತಲಿನಿಂದ ಕುದುರೆ ಬಿಚ್ಚಿಕೊಟ್ಟ. ದಾರಿಯಲ್ಲಿ ಕಳ್ಳರಿದ್ದಾರೆಂದು ಕೋವಿ ಹಿಡಿದು ಕಣಿವೆ ದಾಟಿಸಿದ. ಬಾಯಲ್ಲಿ ಶಾಪವೇ ಇದ್ದರೂ, ಅತ್ತೆ ಅವನಿಗೆ ಒಣಮೊಸರಿನ ಉಂಡೆ ಕೊಟ್ಟಳು.

ಮನೆಗೆ ಬಂದು ಮಾವನನ್ನು ಕೇಳಿದಳು: "ಇನ್ಮೇಲೆ ನಾವು ಯಾರಿಗೆ ಹೆದರ್ಬೇಕು?"