ಕಾರು ಬಿಟ್ಟು ಉಳಿದ ಜಾಗ

ಹೊಲಿಗೆ ಮಷೀನಿನ ಜಾಗಕ್ಕೆಂದು ಹಾಸಿದ್ದ ಹಳೇ ಪತ್ರಿಕೆಯ ಮೇಲೆ ಹೆಂಡತಿ ಕಾಲಿಟ್ಟಿದ್ದೇ ತಡ, ಗೇರ್ ಮೇಷ್ಟ್ರು ಕೂಗಿದರು.

“ಅಲ್ಲಿ ಮಷೀನಿದೆ ಕಣೇ! ಸುತ್ತಿಕೊಂಡು ಬಾ.”

“ಎಲ್ಲಿಂದ ಸುತ್ತಲಿ? ಆ ಕಡೆ ನಿಮ್ಮ ರ‍್ಯಾಕು, ಈ ಕಡೆ ನಿಮ್ಮ ಕಾರು. ಗೋಡೆ ಮೇಲೆ ಹರಿದು ಬರೋಕೆ ನಾನೇನು ಹಲ್ಲಿನಾ?”

ಹೆಂಡತಿ ಟೀ ಲೋಟವನ್ನು ಬಾನೆಟ್ಟಿನ ಮೇಲಿಟ್ಟರು. ಮೇಷ್ಟ್ರು ಅದನ್ನು ತಕ್ಷಣ ಎತ್ತಿಕೊಂಡು, ಲೋಟದ ತಳ ಮೂಡಿಸಿದ್ದ ಉಂಗುರವನ್ನು ಅಂಗಿಯ ತೋಳಿನಿಂದ ಒರೆಸಿದರು.

ಗ್ಯಾರೇಜಿನಲ್ಲಿ ನಿಜವಾಗಿ ಇದ್ದದ್ದು ಕಾರು ಮತ್ತು ಒಂದು ಏಣಿ ಮಾತ್ರ. ಉಳಿದದ್ದೆಲ್ಲ ಕಾಗದ. ಮಗಳು ಫೋನಿನಲ್ಲಿ ಹೇಳಿದ ಅಳತೆಗೆ ಪತ್ರಿಕೆಗಳನ್ನು ಕತ್ತರಿಸಿ, ಅಂಟಿಸಿ, ಕಾರಿನ ಸುತ್ತ ಹಾಸಿ, ಹಾರಿಹೋಗದಂತೆ ಮೇಲೆ ಕಲ್ಲಿಟ್ಟಿದ್ದರು. ಒಂದೊಂದರ ಮೇಲೂ ದಪ್ಪ ಅಕ್ಷರದಲ್ಲಿ ಬರೆದಿತ್ತು: ಮಷೀನು, ಇನ್ನೊಂದು ಮಷೀನು, ಇಸ್ತ್ರಿ ಮೇಜು, ಬಟ್ಟೆ ರ‍್ಯಾಕು. ಎಲ್ಲಕ್ಕಿಂತ ದೊಡ್ಡ ಹಾಳೆ, ಬಟ್ಟೆ ಕತ್ತರಿಸುವ ಮೇಜಿನದು, ಎಲ್ಲೂ ಕೂರದೆ ಸುರುಳಿಯಾಗಿ ಮೂಲೆಯಲ್ಲಿ ನಿಂತಿತ್ತು.

ಮಗಳದು ಪರದೆ, ಸೋಫಾ ಕವರು ಹೊಲಿದುಕೊಡುವ ಅಂಗಡಿ. ಅಂಗಡಿಯಿದ್ದ ಕಟ್ಟಡವನ್ನು ಕೆಡವುತ್ತಾರೆಂದು ತಿಂಗಳ ಕೊನೆಯೊಳಗೆ ಖಾಲಿ ಮಾಡಬೇಕಿತ್ತು. ಅವಳ ಮನೆಯೋ ಮೂರನೇ ಮಹಡಿಯ ಎರಡು ಕೋಣೆ. ಗಂಡ, ಅತ್ತೆ, ಅತ್ತೆಯ ಹೂವಿನ ಕುಂಡಗಳು, ಅಷ್ಟಕ್ಕೇ ತುಂಬಿಹೋಗಿತ್ತು. “ಬೇರೆ ಜಾಗ ಸಿಗೋವರೆಗೆ ನಿನ್ನ ಗ್ಯಾರೇಜಲ್ಲಿ ಎಷ್ಟು ಹಿಡಿಯುತ್ತಪ್ಪಾ?” ಎಂದು ಅವಳು ಕೇಳಿದ್ದಳು. “ಎಲ್ಲಾ ಹಿಡಿಯುತ್ತೆ, ತಗೊಂಡು ಬಾ” ಎಂದು ಮೇಷ್ಟ್ರು ಹಿಂದುಮುಂದು ನೋಡದೆ ಮಾತು ಕೊಟ್ಟುಬಿಟ್ಟಿದ್ದರು. ಅಳತೆಯ ಟೇಪು ಹುಡುಕಿದ್ದು ಫೋನಿಟ್ಟ ಮೇಲೆ.

ಆ ಬಡಾವಣೆಯ ಅರ್ಧ ಜನಕ್ಕೆ ಕಾರು ಕಲಿಸಿದವರು ಅವರು. ಬೀದಿಗೆಲ್ಲ ಕೇಳುವಂತೆ “ಗೇರು! ಗೇರು!” ಎಂದು ಕಿರುಚುತ್ತಿದ್ದುದರಿಂದ ಬಂದ ಹೆಸರು ಹಾಗೇ ಅಂಟಿಕೊಂಡಿತ್ತು. ಎರಡು ವರ್ಷದ ಹಿಂದೆ ಕಣ್ಣಿನ ಡಾಕ್ಟರು, “ಎದುರಿನದು ನಿಮಗೆ ಚೆನ್ನಾಗೇ ಕಾಣುತ್ತೆ, ಅಕ್ಕಪಕ್ಕದ್ದು ಹೋಗಿದೆ. ಇನ್ನು ಓಡಿಸಬೇಡಿ” ಎಂದಿದ್ದರು. ಡ್ರೈವಿಂಗ್ ಶಾಲೆ ಮುಚ್ಚಿತು. ಕಲಿಸುವ ಕಾರುಗಳು ಮಾರಾಟವಾದವು. ಸ್ವಂತದ್ದೊಂದು ಉಳಿಯಿತು. ಭಾನುವಾರ ಬಂತೆಂದರೆ ಮೇಷ್ಟ್ರು ಶಟರ್ ಎತ್ತಿ, ಕಾರನ್ನು ಒರೆಸಿ, ಸ್ಟಾರ್ಟ್ ಮಾಡಿ, ಸ್ಟಿಯರಿಂಗ್ ಹಿಡಿದು ಒಂದಷ್ಟು ಹೊತ್ತು ಕೂರುತ್ತಿದ್ದರು. “ಬ್ಯಾಟರಿ ಸಾಯಬಾರದು ನೋಡು” ಎನ್ನುತ್ತಿದ್ದರು, ಯಾರೂ ಕೇಳದಿದ್ದರೂ. ಆಮೇಲೆ ಆಫ್ ಮಾಡಿ ಇಳಿಯುತ್ತಿದ್ದರು. ಮಾರುಕಟ್ಟೆಗೆ ಹೋಗಲು ಹೆಂಡತಿ ಬಸ್ಸು ಹಿಡಿಯುತ್ತಿದ್ದರು.

“ಮೇಜನ್ನ ಕಾಲು ಬಿಚ್ಚಿ ಗೋಡೆಗೆ ಒರಗಿಸೋದು. ಬಟ್ಟೆ ಥಾನುಗಳನ್ನ ಸೂರಿಗೆ ಹಗ್ಗ ಕಟ್ಟಿ ನೇತುಹಾಕೋದು. ಸಣ್ಣಪುಟ್ಟದ್ದು ಡಿಕ್ಕಿ ಒಳಗೆ” ಎಂದರು ಮೇಷ್ಟ್ರು, ಟೀ ಹೀರುತ್ತಾ.

“ಒಳಗೆ ಹೋಗೋದೇನೋ ಹೋಗುತ್ತೆ ರೀ. ನಾಳೆ ಅವಳಿಗೆ ಹಿಂದಿನ ಮಷೀನು ಬೇಕು ಅಂದ್ರೆ ಎಲ್ಲಿ ನಿಂತು ತೆಗೀತಾಳೆ?”

“ದಾರಿ ಬಿಟ್ಟಿದೀನಲ್ಲ! ಸೀಮೆಸುಣ್ಣದಲ್ಲಿ ಗೆರೆ ಹಾಕಿರೋದು ಕಾಣಲ್ವಾ?”

ಗೆರೆ ಕಾಣುತ್ತಿತ್ತು. ಕಾರಿನ ಬಾಗಿಲು ತೆರೆಯುವಷ್ಟು ಜಾಗವನ್ನು ಮೇಷ್ಟ್ರು ಎರಡು ಕಡೆಯೂ ಜೋಪಾನವಾಗಿ ಬಿಟ್ಟುಕೊಂಡಿದ್ದರು. ದಾರಿ ಎಂದದ್ದು ಆ ಜಾಗದಿಂದಲೇ ಕದ್ದ ಒಂದು ಅಂಚು. ಹೆಂಡತಿ ಖಾಲಿ ಲೋಟ ತೆಗೆದುಕೊಂಡು, ಪತ್ರಿಕೆಯ ಮಷೀನನ್ನು ತುಳಿದುಕೊಂಡೇ ಹೊರಗೆ ಹೋದರು.

ಶನಿವಾರ ಬೆಳಿಗ್ಗೆ ವ್ಯಾನು ಬಂತು. ಬಾಡಿಗೆ ವ್ಯಾನಿನವನೂ ಮೇಷ್ಟ್ರ ಹಳೇ ಶಿಷ್ಯನೇ. ತಲೆ ಅರ್ಧ ನರೆತಿದ್ದರೂ ಅವರನ್ನು ಕಂಡೊಡನೆ ಸೀಟಿನಲ್ಲಿ ನೆಟ್ಟಗೆ ಕೂತು, ಹ್ಯಾಂಡ್‌ಬ್ರೇಕನ್ನು ಎರಡು ಸಲ ಎಳೆದ. ಮಗಳು ಕೆಳಗಿಳಿದಳು. ಮೊದಲು ಮೇಜು, ಒಂದು ಮಷೀನು, ಕೆಲವು ಪೆಟ್ಟಿಗೆ ತಂದಿದ್ದಳು. “ಹಿಡಿಯುತ್ತಾ ನೋಡಿಕೊಂಡು ಉಳಿದದ್ದು ತರ್ತೀನಿ” ಎಂದಳು. ನೆಲದ ತುಂಬ ಹಾಸಿದ್ದ ಕಾಗದಗಳನ್ನು ನೋಡಿ ಅವಳ ಮುಖ ಅರಳಿತು. “ಇಸ್ತ್ರಿ ಮೇಜೂ ಬಿಟ್ಟಿಲ್ಲವಲ್ಲಪ್ಪ ನೀನು!”

“ಮತ್ತೆ? ಅಪ್ಪನ ಲೆಕ್ಕ ಅಂದ್ರೆ ಏನಂದ್ಕೊಂಡೆ?”

ಮೇಜಿನ ಹಲಗೆಯನ್ನು ವ್ಯಾನಿನವನು ಒಂದು ಕಡೆ, ಮಗಳು ಇನ್ನೊಂದು ಕಡೆ ಹಿಡಿದರು. ಶಟರಿನ ಕೆಳಗೆ ಅಡ್ಡವಾಗಿ ಬಂದ ಹಲಗೆ ಕಾರಿನ ಮೂತಿಗೆ ಬಂದು ನಿಂತಿತು. ಎತ್ತಿ ಓರೆ ಮಾಡಿದರೆ ಮೇಲೆ ಶಟರು ಸುತ್ತಿಕೊಳ್ಳುವ ಡಬ್ಬಕ್ಕೆ ತಾಗಿತು. “ಎಡಕ್ಕೆ, ಎಡಕ್ಕೆ! ಪೂರ್ತಿ ಕಟ್ ಮಾಡು! ಈಗ ನಿಧಾನಕ್ಕೆ ರಿವರ್ಸ್!” ಎಂದು ಮೇಷ್ಟ್ರು ಕೈ ತಿರುಗಿಸಿದರು. ವ್ಯಾನಿನವನಿಗೆ ಬೆವರಿಳಿಯಿತು. ಲೆಕ್ಕದಲ್ಲಿ ಮೇಜು ಗೋಡೆಗೆ ಒರಗಿ ನಿಂತಿತ್ತು. ಒಳಗೆ ತರುವಾಗ ಅದು ತಿರುಗಲೂ ಬೇಕು ಎಂಬುದನ್ನು ಯಾರೂ ಅಳೆದಿರಲಿಲ್ಲ.

“ಅದನ್ನ ಹೊರಗೇ ಒರಗಿಸಿಡಿ. ಮೊದಲು ಪೆಟ್ಟಿಗೆ ಹೋಗಲಿ” ಎಂದು ಮೇಷ್ಟ್ರು ತಾವೇ ಒಂದು ಪೆಟ್ಟಿಗೆ ಎತ್ತಿಕೊಂಡರು. ಸೀಮೆಸುಣ್ಣದ ದಾರಿಯಲ್ಲಿ ಎದುರಿನ ಗೋಡೆಯ ಮೇಲೆ ಕಣ್ಣಿಟ್ಟು ಹೆಜ್ಜೆ ಹಾಕಿದರು. ದಾರಿಯೇನೋ ನೇರವಾಗಿಯೇ ಇತ್ತು. ಪಕ್ಕದಲ್ಲಿ ಚಾಚಿಕೊಂಡಿದ್ದ ಕಾರಿನ ಕನ್ನಡಿ ಮಾತ್ರ ಅವರಿಗೆ ಕಾಣಲಿಲ್ಲ. ಪೆಟ್ಟಿಗೆಯ ಮೂಲೆ ಬಡಿದ ಸದ್ದಾಯಿತು. ಕನ್ನಡಿ ಬುಡದಿಂದ ಕಿತ್ತು ನೆಲಕ್ಕೆ ಬಿತ್ತು. ಪೆಟ್ಟಿಗೆಯ ಬಾಯಿ ಬಿಚ್ಚಿ ಪರದೆಯ ಕೊಕ್ಕೆಗಳು ಗ್ಯಾರೇಜಿನ ತುಂಬ ಚೆಲ್ಲಿದವು. ಮೇಷ್ಟ್ರು ಬೀಳಲಿಲ್ಲ. ಗೋಡೆ ಹತ್ತಿರವೇ ಇದ್ದದ್ದರಿಂದ ಅದಕ್ಕೇ ಭುಜ ಕೊಟ್ಟು ನಿಂತರು.

ಹೆಂಡತಿ ಅಡುಗೆಮನೆಯಿಂದ ಓಡಿಬಂದರು. ಮಗಳು ಕೂತು ಕೊಕ್ಕೆಗಳನ್ನು ಆಯತೊಡಗಿದಳು.

“ಬಿಡಪ್ಪ. ಈ ಮಷೀನೊಂದು ಇಲ್ಲಿರಲಿ. ಮೇಜನ್ನ ಕೊಟ್ಟುಬಿಡ್ತೀನಿ. ಯಾರಾದ್ರೂ ತಗೋತಾರೆ” ಎಂದಳು, ತಲೆಯೆತ್ತದೆ.

“ಮೇಜಿಲ್ದೆ ಪರದೆ ಹೇಗೆ ಕತ್ತರಿಸ್ತೀಯೇ?” ಎಂದರು ತಾಯಿ.

“ಕತ್ತರಿಸಲ್ಲಮ್ಮ. ಚಿಕ್ಕಪುಟ್ಟ ರಿಪೇರಿ ಮಾಡ್ಕೊಂಡು ಇರ್ತೀನಿ. ಮನೇಲೇ ಆಗುತ್ತೆ.”

ಅವಳ ದನಿಯಲ್ಲಿ ಬೇಸರವಿರಲಿಲ್ಲ. ಎಷ್ಟೋ ದಿನದಿಂದ ಒಳಗೊಳಗೇ ತೀರ್ಮಾನಿಸಿ ಇಟ್ಟುಕೊಂಡಿದ್ದನ್ನು ಈಗ ಹೊರಗೆ ತೆಗೆದಂತಿತ್ತು. ಮೇಷ್ಟ್ರಿಗೆ ಅದು ಭುಜದ ಪೆಟ್ಟಿಗಿಂತ ಹೆಚ್ಚು ನೋಯಿಸಿತು. ಅವರು ಕನ್ನಡಿಯನ್ನು ಹೆಕ್ಕಿಕೊಂಡು, ಬಾಗಿಲು ತೆರೆದು ಸ್ಟಿಯರಿಂಗಿನ ಮುಂದೆ ಕೂತರು. ಹೊರಗೆ ವ್ಯಾನಿನವನು ಬೀಡಿ ಹಚ್ಚಲು ಹೋಗಿ, ಮೇಷ್ಟ್ರಿದ್ದಾರೆಂದು ನೆನಪಾಗಿ ಜೇಬಿಗೆ ಹಾಕಿಕೊಂಡ.

ಸ್ವಲ್ಪ ಹೊತ್ತಿನ ಮೇಲೆ ಮೇಷ್ಟ್ರು ಕೆಳಗಿಳಿದರು. ಬಾನೆಟ್ಟಿನ ಮೇಲೆ ಕೈ ಆಡಿಸಿಕೊಂಡು ಸುತ್ತಿ ಬಂದು, ಆ ಕಡೆಯ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತರು.

“ಲೈಸೆನ್ಸು ಇದೆಯಲ್ಲ ನಿನ್ನ ಹತ್ರ?”

ಮಗಳ ಕೈ ನಿಂತಿತು. ಊರಿಗೆಲ್ಲ ಕಲಿಸಿದ ಮೇಷ್ಟ್ರ ಮಗಳು ಕಾರು ಕಲಿತದ್ದು ಮದುವೆಯಾದ ಮೇಲೆ, ಬೇರೊಬ್ಬರ ಶಾಲೆಯಲ್ಲಿ, ಅಪ್ಪನಿಗೆ ಗೊತ್ತಾಗದಂತೆ. ಅಪ್ಪನ ಹತ್ತಿರ ಕಲಿಯಲು ಒಂದೇ ಒಂದು ದಿನ ಹೋಗಿ, ಅಳುತ್ತಾ ನಡೆದುಕೊಂಡು ಮನೆಗೆ ಬಂದಿದ್ದಳು.

“ನಿಂಗೆ ಯಾರು ಹೇಳಿದ್ರು?”

“ಲೈಸೆನ್ಸ್ ಆಫೀಸಲ್ಲಿ ನನಗೆ ಗೊತ್ತಿಲ್ದೋರು ಯಾರಿದಾರೆ? ಅವತ್ತೇ ಗೊತ್ತು. ಹತ್ತು.”

“ಅಪ್ಪ, ನೀನು ಕೂಗ್ತೀಯ.”

“ಕೂಗಲ್ಲ.”

“ಕೂಗೇ ಕೂಗ್ತಾರೆ” ಎಂದರು ಹೆಂಡತಿ. “ಹತ್ತು ನೀನು. ಕೂಗಿದ್ರೆ ಅಲ್ಲೇ ಇಳಿಸಿ ಬಾ.”

ಇಂಜಿನ್ನು ಒಂದೇ ಸಲಕ್ಕೆ ಹೊತ್ತಿಕೊಂಡಿತು. ಮೊದಲ ಪ್ರಯತ್ನಕ್ಕೆ ಕಾರು ಜಗ್ಗಿ ನಿಂತುಹೋಯಿತು. ಮೇಷ್ಟ್ರ ಬಾಯಿ ತೆರೆಯಿತು, ಮುಚ್ಚಿತು. ಎರಡನೇ ಸಲ ಕಾರು ನಿಧಾನವಾಗಿ ಮುಂದೆ ಸರಿದು, ವ್ಯಾನಿನ ಪಕ್ಕದಿಂದ ಹಾದು, ಬೀದಿಗಿಳಿದು ಮರದ ಆಚೆ ನಿಂತಿತು. ಎರಡು ವರ್ಷದಲ್ಲಿ ಅದು ಕಂಡ ಮೊದಲ ಬಿಸಿಲು.

ಮೇಜು ಒಳಗೆ ಹೋಯಿತು. ಕಾಲುಗಳನ್ನು ಜೋಡಿಸಿ ಆದ ಮೇಲೆ ವ್ಯಾನಿನವನು, “ಗೋಡೆಗೆ ಒತ್ತಿಬಿಡೋಣ ಮೇಷ್ಟ್ರೇ, ಇನ್ನೂ ಎಷ್ಟೋ ಹಿಡಿಯುತ್ತೆ” ಎಂದ.

“ಬೇಡ, ನಡುವೆ ಇರಲಿ” ಎಂದರು ಮೇಷ್ಟ್ರು. “ಸುತ್ತಲೂ ಓಡಾಡಬೇಕು. ಇಲ್ಲಿ ನಿಂತು ಕತ್ತರಿಸ್ತಾಳೆ, ಅಲ್ಲಿ ಮಷೀನು. ಥಾನುಗಳು ಆ ಗೋಡೆಗೆ. ಇಷ್ಟೇ ಹಿಡಿಯೋದು. ಇದಕ್ಕಿಂತ ಹೆಚ್ಚು ತಂದ್ರೆ ನಾನು ಜವಾಬ್ದಾರನಲ್ಲ.”

ಮಗಳು ಮೇಜಿನ ಸುತ್ತ ಒಂದು ಸುತ್ತು ಹಾಕಿದಳು, ಎರಡು ಕೈಯನ್ನೂ ಅಗಲಿಸಿ. ಎಲ್ಲೂ ತಾಗಲಿಲ್ಲ. ಇನ್ನೊಂದು ಸುತ್ತು ಹಾಕಿ, ಮೂಗು ಒರೆಸಿಕೊಂಡು, “ಇಸ್ತ್ರಿ ಮೇಜು?” ಎಂದಳು.

“ಅದು ನಮ್ಮ ಹಜಾರದಲ್ಲಿರುತ್ತೆ” ಎಂದರು ತಾಯಿ. “ನನ್ನ ಸೀರೆನೂ ಇಸ್ತ್ರಿ ಆಗಲಿ.”

ಥಾನುಗಳಿಗೆ ವ್ಯಾನು ಬೇಡ, ಹಿಂದಿನ ಸೀಟು ಮಡಿಸಿದರೆ ಕಾರಿನಲ್ಲೇ ಬರುತ್ತವೆ ಎಂದು ಮೇಷ್ಟ್ರು ಹೇಳಿದರು. ಅಪ್ಪ ಮಗಳು ಹೊರಟರು. ಕಿತ್ತುಹೋದ ಕನ್ನಡಿಯ ಕಡೆ ಯಾವುದಾದರೂ ಗಾಡಿ ಬರುತ್ತಿದೆಯೇ ಎಂದು ಮಗಳು ಪ್ರತಿ ತಿರುವಿನಲ್ಲೂ ಕತ್ತು ಹೊರಳಿಸಿ ನೋಡಿದಳು. ಗೇರು ಬದಲಿಸುವಾಗ ಒಮ್ಮೆ ಕರಕರ ಸದ್ದಾಯಿತು. ಅವಳು ಓರೆಗಣ್ಣಿನಲ್ಲಿ ಅಪ್ಪನನ್ನು ನೋಡಿದಳು. ಅಪ್ಪ ಎದುರಿಗೆ ನೋಡುತ್ತಿದ್ದರು.

ದೂರದಲ್ಲಿ ಕೆಂಪು ದೀಪ ಬಿತ್ತು. ಮೇಷ್ಟ್ರ ಬಲಗಾಲು, ಕಲಿಸುವ ಕಾರಿನಲ್ಲಿದ್ದ ಎರಡನೇ ಬ್ರೇಕನ್ನು ಹುಡುಕಿ, ತಾನಾಗಿಯೇ ಮುಂದೆ ಹೋಗಿ, ಏನೂ ಇಲ್ಲದ ಮ್ಯಾಟಿನ ಮೇಲೆ ಮೆಲ್ಲಗೆ ಒತ್ತಿತು. ಕಾರು ಗೆರೆಯ ಹಿಂದೆ, ಒಂದಿಷ್ಟೂ ಜಗ್ಗದೆ ನಿಂತಿತು. ಮೇಷ್ಟ್ರು ತಮ್ಮ ಕಾಲನ್ನೊಮ್ಮೆ ನೋಡಿಕೊಂಡರು. ಆಮೇಲೆ ಚಪ್ಪಲಿ ಕಳಚಿ, ಎರಡೂ ಪಾದಗಳನ್ನು ಸೀಟಿನ ಬುಡಕ್ಕೆ ಎಳೆದುಕೊಂಡು, ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದರು.