ಹದಿನೇಳನೆಯ ಸಾಲು

ಬರೆದವಳೇ ಬಂದುಬಿಡುತ್ತಾಳೆಂದು ಅವನು ಎಣಿಸಿರಲಿಲ್ಲ. ಯಾರೂ ಬರುವುದಿಲ್ಲ. ನಿಮ್ಮ ಪದ್ಯ ಗೋಡೆಗೇರಿದೆ ಎಂದು ಒಂದು ಕಾರ್ಡು ಹಾಕಿದರೆ ಕವಿಗಳು ಖುಷಿಯಾಗಿ ಇನ್ನೂ ಮೂರು ಕಳಿಸುತ್ತಾರೆ, ಅಷ್ಟೇ.

ಇವಳು ಬಂದಿದ್ದಳು. ಇದು ನಾನು ಬರೆದದ್ದು ಎಂದು ಬಾಗಿಲಲ್ಲೇ ಕಾಂಪೌಂಡರನಿಗೆ ಹೇಳಿದ್ದು ಅವನ ಕಿವಿಗೂ ಬಿದ್ದಿತ್ತು. ಈಗ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ, ಗಾಜಿನ ಚೌಕಟ್ಟಿನ ಮುಂದೆ ನಿಂತು ಎರಡನೆಯ ಸಲ ಓದುತ್ತಿದ್ದಳು. ಬದಲಿಸಲು ತಂದ ಮುಂದಿನ ವಾರದ ಪದ್ಯ ಅವನ ಕಂಕುಳಲ್ಲಿ ಸುರುಳಿಯಾಗಿತ್ತು. ಅರ್ಧ ಗಂಟೆ ಮೊದಲು ಬಂದಿದ್ದರೆ ಬಚಾವಾಗುತ್ತಿದ್ದ.

ಸಾಮಾನ್ಯ ಜನರೂ ಹೊಸ ಕಾವ್ಯ ಓದಲಿ ಎಂದು ಮೇಲಿನವರಿಗೆ ಅರ್ಜಿ ಬರೆದವನು ಅವನೇ. ಪ್ರತಿ ಸೋಮವಾರ ಗ್ರಂಥಾಲಯದಿಂದ ಪದ್ಯ ತಂದು ಇಲ್ಲಿ ತೂಗುಹಾಕುವವನೂ ಅವನೇ. ಚೌಕಟ್ಟು ಹದಿನಾರು ಸಾಲಿನದು. ಅವಳ ಪದ್ಯ ಇಪ್ಪತ್ತು ಸಾಲಿನದು. ಅಕ್ಷರ ಸಣ್ಣದಾದರೆ ವಯಸ್ಸಾದವರಿಗೆ ಕಾಣದು. ಕೊನೆಯ ನಾಲ್ಕು ಸಾಲು ಕತ್ತರಿಸಿದ್ದ. ರೋಗಿಗಳಿಗೆ ಸಾವಿನ ಮಾತು ಬೇಡ ಎಂಬ ಕಾರಣ ಹೊಳೆದದ್ದು ಆಮೇಲೆ.

ಪದ್ಯದಲ್ಲಿ ತಾಯಿಯೊಬ್ಬಳು ಮಗನ ಅಂಗಿಗಳನ್ನು ಒಗೆದು, ಇಸ್ತ್ರಿ ಮಾಡಿ, ಮಡಚಿಡುತ್ತಾಳೆ. ಮಗ ಸತ್ತು ವರ್ಷವಾಗಿದೆ ಎಂಬುದು ಹದಿನೇಳನೆಯ ಸಾಲಿನಲ್ಲಿತ್ತು.

"ಚೆನ್ನಾಗಿದೆ ಅಲ್ವೇನಮ್ಮಾ?" ಮಂಡಿನೋವಿಗೆ ವಾರವಾರ ಬರುವ ದರ್ಜಿ ಅವಳ ಪಕ್ಕಕ್ಕೆ ಬಂದ. "ಹೋದ ಸಲದ್ದು ಕಬ್ಬಿಣದ ಕಡಲೆ. ಇದು ಸಲೀಸು. ನಮ್ಮ ಸೊಸೆಗೆ ಓದಿ ಹೇಳಿದೀನಿ, ನೋಡು ಹೇಗೆ ಮಡಚ್ತಾಳೆ ಅಂತ. ಇಸ್ತ್ರಿಪೆಟ್ಟಿಗೆ ಅಂದ್ರೆ ಮೂಗು ಮುರೀತಾಳೆ ಮಹಾರಾಯ್ತಿ!"

ಬೆಂಚಿನ ಮೇಲಿದ್ದವರು ನಕ್ಕರು. ಅವನೂ ಸ್ವಲ್ಪ ನಕ್ಕ.

"ಇದನ್ನ ಹಾಕೋರು ಯಾರು?" ಅವಳು ಕೇಳಿದಳು.

"ಇವ್ರೇ. ನಮ್ಮ ಲೈಬ್ರರಿ ಮೇಷ್ಟ್ರು."

ಅವಳು ತಿರುಗಿದಳು. "ಸರ್, ಇದು ಪೂರ್ತಿ ಇಲ್ಲ."

"ಆಫೀಸಿಂದ ಹಾಗೇ ಬಂತು."

"ನಿಮ್ಮ ಹೆಸರಿಗೇ ಕಳಿಸಿದ್ದೆ."

"ಟೈಪ್ ಮಾಡೋರು ಬೇರೆ."

"ಅಯ್ಯೋ ಮೇಷ್ಟ್ರೇ," ದರ್ಜಿ ನೆರವಿಗೆ ಬಂದ, "ಅಷ್ಟೂ ನಾನೇ ಟೈಪ್ ಮಾಡೋದು ಅಂದಿದ್ರಲ್ಲ!"

ಅವನು ಗಡಿಯಾರ ನೋಡಿದ. ತಪ್ಪಾಯಿತು ಎನ್ನಲು ಎರಡು ಸೆಕೆಂಡು ಸಾಕಿತ್ತು.

"ಜಾಗ ಇರ್ಲಿಲ್ಲ," ಎಂದ.

"ಆ ಅಂಗಿಗಳು ನನ್ನ ತಮ್ಮನವು," ಎಂದಳು ಅವಳು.

ಚೀಲದಿಂದ ಪೆನ್ನು ತೆಗೆದು, ಬಗ್ಗಿ, ಚೌಕಟ್ಟಿನ ಕೆಳಗೆ ಬಿಳಿ ಗೋಡೆಯ ಮೇಲೆ ನಾಲ್ಕು ಸಾಲು ಬರೆದಳು. ಆತುರವಿರಲಿಲ್ಲ. ಅಕ್ಷರ ದುಂಡಗಿತ್ತು. ಬರೆದು, ಪೆನ್ನಿನ ಮುಚ್ಚಳ ಹಾಕಿ, ಹೊರಟುಹೋದಳು.

ಕಾಂಪೌಂಡರ್ ಒದ್ದೆ ಬಟ್ಟೆ ತಂದ. "ನಿಮ್ಮ ಕವಿಗಳ ಕೆಲಸ, ನೀವೇ ಒರೆಸಿ ಮಾರಾಯ್ರೇ. ಡಾಕ್ಟ್ರು ಬರೋ ಹೊತ್ತಾಯ್ತು."

ಅವನು ಬಟ್ಟೆ ತೆಗೆದುಕೊಂಡ. ಆದರೆ ಗೋಡೆಗೆ ದರ್ಜಿ ಅಡ್ಡವಾಗಿದ್ದ. ನೋಯುವ ಮಂಡಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯ ಬೆರಳನ್ನು ಅಕ್ಷರಗಳ ಕೆಳಗೆ ಸರಿಸುತ್ತಾ, ತುಟಿಯಲ್ಲೇ ಓದುತ್ತಿದ್ದ. ಮೊದಲ ಸಾಲು ಮುಗಿದಲ್ಲಿ ಬೆರಳು ನಿಂತಿತು. ಬಹಳ ಹೊತ್ತಿನ ಮೇಲೆ ಉಳಿದ ಮೂರನ್ನೂ ದಾಟಿತು.

ಆಮೇಲೆ ಆ ಬೆರಳು ಗಾಜಿನ ಮೇಲಕ್ಕೆ ಹೋಗಿ, ಪದ್ಯದ ಆರಂಭದಿಂದ ಮತ್ತೆ ಶುರುಮಾಡಿತು.

ಅವನು ಹಿಂದೆ ನಿಂತು ಕಾದ. ಬಟ್ಟೆಯ ನೀರು ಅವನ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿತ್ತು.