ಕಟ್ಟಿದ ಕೈಯೇ ಬಿಚ್ಚಬೇಕೇ?

ನಳ ಬಿಟ್ಟರು ಅಂದರೆ ಇಳಕಲ್ಲಿನ ನಮ್ಮ ಓಣಿಯಲ್ಲಿ ಯಾರೂ ನಡೆಯುವುದಿಲ್ಲ, ಓಡುತ್ತೇವೆ. ಹಾಗೆ ಓಡುವಾಗಲೇ ನಾನು ಕೊಡದ ಸಮೇತ ಜಾರಿ ಬಿದ್ದೆ. ಬಲಗೈ ಊರಿದೆ, ಮಣಿಕಟ್ಟು ಮುರಿಯಿತು.

ನನ್ನ ಹೆಸರು ಮಹಾನಂದಾ, ನೇಕಾರರ ಮನೆಯ ಸೊಸೆ. ಸೀರೆಯ ಮೈಗೂ ಸೆರಗಿಗೂ ಒಂದೊಂದೇ ಎಳೆ ಕೂಡಿಸಿ ಕೊಂಡಿ ಹಾಕುವುದು ನನ್ನ ಕೆಲಸ. ಆ ಎಳೆ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗಬೇಕು. ನೆಲದ ಮೇಲೆ ಬಿದ್ದಾಗ ನನಗೆ ಬಂದ ಮೊದಲ ಯೋಚನೆ, ಇನ್ನು ಮೇಲೆ ಕೊಂಡಿ ಹಾಕಲಿಕ್ಕೆ ಆಗುತ್ತದೋ ಇಲ್ಲವೋ ಎಂಬುದೇ.

ಅತ್ತೆ ಚಂದ್ರವ್ವ ನನ್ನನ್ನು ಮರೋಳದ ಅಮಾತೆಪ್ಪನವರ ಹತ್ತಿರ ಕರೆದೊಯ್ದರು. ಅವರು ಎಲುಬು ಕೂಡಿಸುವ ನಾಟಿ ವೈದ್ಯರು. ಅತ್ತೆಯ ಮುರಿದ ಕಾಲನ್ನೂ ಅವರೇ ಕೂಡಿಸಿದ್ದು. ಅತ್ತೆ ಈಗಲೂ ನನಗಿಂತ ಜೋರು ನಡೆಯುತ್ತಾರೆ, ಮಾತು ಇನ್ನೂ ಜೋರು. ಅಮಾತೆಪ್ಪನವರು ಉದ್ದಿನ ಹಿಟ್ಟಿನ ಲೇಪ ಸವರಿ, ಬಿದಿರಿನ ದಬ್ಬೆ ಇಟ್ಟು, ಬಟ್ಟೆ ಬಿಗಿದು ಕಟ್ಟಿದರು. ಒಂಬತ್ತನೇ ದಿನ ಬಾ ಅಂದರು. ಅವರ ಮನೆತನದ ಪದ್ಧತಿ ಒಂದಿದೆ: ಕಟ್ಟಿದ ಕೈಯೇ ಬಿಚ್ಚಬೇಕು, ಬೇರೆಯವರು ಮುಟ್ಟಿದರೆ ಎಲುಬು ಕೂಡುವುದಿಲ್ಲ.

ಮರುದಿನ ಬೆಳಗ್ಗೆ ಬೆರಳು ಜುಮುಜುಮು ಅನ್ನತೊಡಗಿದವು. ಮಧ್ಯಾಹ್ನದ ಹೊತ್ತಿಗೆ ಊದಿ ನೀಲಿಗಟ್ಟಿದವು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಕಟ್ಟು ಬಿಚ್ಚಿಯಾರು, ಮಗ್ಗ ಕೈತಪ್ಪೀತು ಎಂಬ ಭಯ. ಪಕ್ಕದ ಮನೆಯ ಮಗ್ಗದ ಸಪ್ಪಳ ಕೇಳುತ್ತ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಕುಳಿತಿದ್ದೆ. ಅಷ್ಟು ಆಸೆ ನನಗೆ ಆ ಕೆಲಸದ ಮೇಲೆ.

ಸಂಜೆ ಆಶಾ ಕಾರ್ಯಕರ್ತೆ ಸುನಂದಾ ಬಂದಳು. ಸೆರಗು ಸರಿಸಿ ನನ್ನ ಉಗುರು ಒತ್ತಿ ನೋಡಿದಳು. ಒತ್ತಿದ ಜಾಗಕ್ಕೆ ರಕ್ತ ಬೇಗ ಮರಳಲಿಲ್ಲ. ಈಗಲೇ ದವಾಖಾನೆಗೆ ಹೋಗಬೇಕು, ಇಲ್ಲದಿದ್ದರೆ ಕೈಯೇ ಹೋದೀತು ಅಂದಳು. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಕಟ್ಟ ಬಿಚ್ಚಿದ್ರ ಎಲುಬು ಕೂಡೂದಿಲ್ಲ. ಆಮ್ಯಾಲೆ ಕೊಂಡಿ ಹಾಕಾಕ ನೀ ಬರ್ತೀಯೇನು?"

ಸುನಂದಾ ವಾದಕ್ಕಿಳಿಯಲಿಲ್ಲ. ಅಮಾತೆಪ್ಪನವರಿಗೇ ಫೋನ್ ಹಚ್ಚಿ, ನಮಗೆಲ್ಲ ಕೇಳುವಂತೆ ಇಟ್ಟು, ಬೆರಳಿನ ಬಣ್ಣ ಹೇಳಿದಳು. ಅಮಾತೆಪ್ಪನವರು ಅತ್ತೆಯನ್ನೇ ಕರೆದು ಹೇಳಿದರು.

"ಚಂದ್ರವ್ವಾ, ಕಟ್ಟಿದಾಂವ ನಾ. ನಾನ ಹೇಳ್ತೇನಿ, ಬಿಚ್ಚಲಿ. ಸುನಂದಾನ ಕೈ ಇವತ್ತ ನನ್ನ ಕೈ ಅಂತ ತಿಳಿ. ನನ್ನ ದಾರಿ ಕಾಯಬ್ಯಾಡ್ರಿ. ನಾನೂ ದವಾಖಾನಿಗೆ ಬರ್ತೇನಿ."

ಅತ್ತೆ ಬಾಗಿಲು ಬಿಟ್ಟರು. ಸುನಂದಾ ಬಟ್ಟೆ ಸಡಿಲಿಸಿ, ದಬ್ಬೆಯ ಆಸರೆ ಹಾಗೇ ಇಟ್ಟು, ನಮ್ಮನ್ನು ಆಟೋ ಹತ್ತಿಸಿದಳು.

ದವಾಖಾನೆಯಲ್ಲಿ ಎಕ್ಸ್‌ರೇ ತೆಗೆದು, ಎಲುಬು ಸರಿಪಡಿಸಿ, ಪ್ಲಾಸ್ಟರ್ ಹಾಕಿದರು. ಅಷ್ಟರಲ್ಲಿ ಅಮಾತೆಪ್ಪನವರೂ ಬಂದರು. ಅಲ್ಲಿನ ಡಾಕ್ಟರ್ ಶೈಲಾ ಅಮಾತೆಪ್ಪನವರನ್ನು ಬೈಯಲಿಲ್ಲ. ಕುರ್ಚಿ ಕೊಟ್ಟು ಕೂಡಿಸಿ, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಮುದುಕರು ಬಹಳ ಹೊತ್ತು ನೋಡಿದರು.

"ನಲವತ್ತ ವರ್ಷ ಮ್ಯಾಲಿಂದ ಮುಟ್ಟಿ ಮುಟ್ಟಿ ನೋಡೇನಿ. ಒಮ್ಮೆ ಒಳಗಿಂದು ಕಣ್ಣಿಲೆ ನೋಡಬೇಕಂತ ಭಾಳ ಆಸೆ ಇತ್ರಿ," ಅಂದರು. ಅವರ ಕಣ್ಣು ಒದ್ದೆಯಾಗಿದ್ದವು, ನನ್ನವೂ.

ಈಗ ಮುರಿದ ಕೈಕಾಲು ಹಿಡಿದು ಯಾರೇ ಬರಲಿ, ಅಮಾತೆಪ್ಪನವರು ಅಲುಗದಂತೆ ಆಸರೆ ಕೊಟ್ಟು ಮೊದಲು ಎಕ್ಸ್‌ರೇಗೆ ಕಳಿಸುತ್ತಾರೆ. ಅವರು ಹೇಳಿದರೆ ಜನ ಹೋಗುತ್ತಾರೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಡಾಕ್ಟರು ನನ್ನನ್ನು ಅವರ ಬಳಿಗೇ ಕಳಿಸಿದರು. ಡಾಕ್ಟರು ತೋರಿಸಿಕೊಟ್ಟ ವ್ಯಾಯಾಮವನ್ನು ದಿನಾ ಕೂತು ಮಾಡಿಸಿದವರು ಅವರೇ. ಅತ್ತೆ ಕೂಡ ಈಗ ಓಣಿಯವರಿಗೆ ಎಕ್ಸ್‌ರೇಯ ಪಾಠ ಹೇಳುತ್ತಾರೆ.

ನನ್ನ ಎಲುಬು ಕೂಡಿತು, ಕೈ ಉಳಿಯಿತು. ಆದರೆ ಎರಡು ಬೆರಳಿನ ತುದಿಗೆ ರೇಷ್ಮೆಯ ಎಳೆ ಈಗ ತಿಳಿಯುವುದಿಲ್ಲ. ಕೊಂಡಿಯನ್ನು ಅತ್ತೆ ಹಾಕುತ್ತಾರೆ, ನಾನು ಪಕ್ಕದಲ್ಲಿ ಕುಳಿತು ನೋಡುತ್ತೇನೆ. ಬಾಯಿಬಿಟ್ಟು ಹೇಳದೆ ಕಳೆದ ಆ ಒಂದು ಹಗಲು ನನಗೆ ವಾಪಸ್ ಬೇಕು ಅನಿಸುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ಎಲುಬು ಮುರಿದರೆ ಮೊದಲು ಎಕ್ಸ್‌ರೇ ಮಾಡಿಸಿ. ಕಟ್ಟು ಯಾರೇ ಹಾಕಿರಲಿ, ಬೆರಳು ಜುಮುಗುಟ್ಟಿದರೆ, ತಣ್ಣಗಾದರೆ, ನೀಲಿಯಾದರೆ ಆ ಗಳಿಗೆಯೇ ದವಾಖಾನೆಗೆ ಹೋಗಿ. ನಾಟಿ ವೈದ್ಯರ ಹೆಸರನ್ನು ಡಾಕ್ಟರಿಂದ ಬಚ್ಚಿಡಬೇಡಿ, ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ನಾನು ಒಂದು ಹಗಲು ಕಾದೆ. ನೀವು ಕಾಯಬೇಡಿ.